ಬಲಗೈಗೊಂದು ಬಿಡುವು

ಯಾವ ವಸ್ತುವನ್ನೇ ಆಗಲಿ, ಅದರ ಬಗ್ಗೆ ಪೂರ್ತಿ ತಿಳಿದುಕೊಂಡೇ ಕೊಳ್ಳಬೇಕು ಎನ್ನುವ ಜಾತಿಯವನು ನಾನು. ಪೂರ್ತಿ ತಿಳಿದುಕೊಳ್ಳುವಷ್ಟರಲ್ಲಿ ಆ ವಸ್ತು ಅಂಗಡಿಯಿಂದಲೇ ಮಾಯವಾಗಿರುತ್ತದೆ ಎಂಬುದು ಬೇರೆ ಮಾತು. ಹಿಂದೊಮ್ಮೆ ನಮ್ಮ ಮಿಕ್ಸಿ ಕೆಟ್ಟಾಗ ನಾನು ಹೊಸ ಮಿಕ್ಸಿಗಳ ಮೋಟಾರುಗಳ ಬಗ್ಗೆ ಅಧ್ಯಯನ ಮಾಡುತ್ತ ಕುಳಿತೆ. ಹೆಂಡತಿ ಜೆಸಿಂತಾ ಮೀನು ಸಾರಿನ ಮಸಾಲೆಯನ್ನು ಪಕ್ಕದ ಮನೆಯಲ್ಲಿ ರುಬ್ಬಿಕೊಂಡು ಬಂದು ಬಂದು ಸಾಕಾಗಿ, ಒಂದು ಸಂಜೆ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬರುವಾಗ ಕಣ್ಣಿಗೆ ಬಿದ್ದ ಮೊದಲ ಮಿಕ್ಸಿಯನ್ನು ಎತ್ತಿಕೊಂಡು ಬಂದಳು. ಅದು ಇವತ್ತಿಗೂ ಚೆನ್ನಾಗಿಯೇ ತಿರುಗುತ್ತಿದೆ. ಆ ಒಂದು ವಿಷಯಕ್ಕೆ ನಾನು ಅದನ್ನು ಇನ್ನೂ ಕ್ಷಮಿಸಿಲ್ಲ.

ಇಂಥವನು ಐವತ್ತು ದಾಟಿದ ಮೇಲೆ ಮೋಟಾರ್ ಸೈಕಲ್ ಕೊಂಡದ್ದು ಹೇಗೆ ಎಂದು ನೀವು ಕೇಳಬಹುದು. ಅದು ನನ್ನ ಕೆಲಸವಲ್ಲ, ಹನೀಫನದು. ಹನೀಫ ನನ್ನ ಶಾಲೆಯ ಬೆಂಚುಮೇಟು. ಬಹಳ ವರ್ಷ ಗಲ್ಫಿನಲ್ಲಿದ್ದು ಬಂದು ಈಗ ಕುದ್ರೋಳಿಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದಾನೆ. ನಾನು ಹೈಸ್ಕೂಲಿನ ಗಣಿತ ಮಾಸ್ತರ. ಅವನ ಮನೆಮಾತು ಬ್ಯಾರಿ, ನನ್ನದು ಕೊಂಕಣಿ. ಹರಟೆ ತುಳುವಿನಲ್ಲಿ ನಡೆಯುತ್ತದೆ, ವಿಷಯ ಗಂಭೀರವಾದರೆ ಇಬ್ಬರೂ ಶಾಲೆಯ ಕನ್ನಡಕ್ಕೆ ಇಳಿಯುತ್ತೇವೆ. ಅವನು ಒಂದು ಭಾರಿ ಬೈಕು ಕೊಂಡ. ನನ್ನ ಹೆಸರಿನಲ್ಲೂ ಅದೇ ಜಾತಿಯದೊಂದನ್ನು ಬುಕ್ ಮಾಡಿ ಬಂದು, "ಲ್ಯಾನ್ಸಿ, ನಿನಗೆ ಯೋಚನೆ ಮಾಡ್ಲಿಕ್ಕೆ ಬಿಟ್ರೆ ನಾವು ಮುದುಕರಾಗ್ತೇವೆ ಮಾರಾಯ" ಎಂದ. ಅಂದಿನಿಂದ ಭಾನುವಾರ ನಾನು ಇಗರ್ಜಿಯಲ್ಲಿ ಬೆಳಗಿನ ಪೂಜೆ ಮುಗಿಸಿ ಕುಲಶೇಖರದ ಮನೆಗೆ ಬರುವಷ್ಟರಲ್ಲಿ ಅವನು ಗೇಟಿನ ಹೊರಗೆ ಹಾರ್ನ್ ಹಾಕುತ್ತಿರುತ್ತಾನೆ.

ಕಷ್ಟ ಶುರುವಾದದ್ದು ನನ್ನ ಬಲಗೈಯಿಂದ. ಕಾರಿನಲ್ಲಿ ವೇಗದ ಜವಾಬ್ದಾರಿ ಕಾಲಿನದು. ಬೈಕಿನಲ್ಲಿ ಅದು ಬಲಗೈಯದು. ಥ್ರಾಟಲ್ ಎಂಬ ಬಲಬದಿಯ ಹಿಡಿಕೆಯನ್ನು ತಿರುಗಿಸಿ ಹಿಡಿದುಕೊಂಡೇ ಇರಬೇಕು, ಬಿಟ್ಟರೆ ಅದು ತಾನಾಗಿ ಹಿಂದಕ್ಕೆ ತಿರುಗಿ ಬೈಕು ನಿಧಾನವಾಗುತ್ತದೆ. ಉಡುಪಿಯವರೆಗೆ ನನ್ನ ಕೈ ಸುಮ್ಮನಿರುತ್ತಿತ್ತು. ಬ್ರಹ್ಮಾವರ ದಾಟುವಾಗ ಬೆರಳ ತುದಿಯಲ್ಲಿ ಇರುವೆ ಓಡಾಡಿದಂತಾಗುತ್ತಿತ್ತು. ಕುಂದಾಪುರದ ಹೋಟೆಲಿನಲ್ಲಿ ಕುಳಿತಾಗ ಆ ಕೈ ನನ್ನದೇ ಎನ್ನುವುದಕ್ಕೆ ಅಂಗಿಯ ತೋಳು ಬಿಟ್ಟರೆ ಬೇರೆ ಸಾಕ್ಷಿ ಇರುತ್ತಿರಲಿಲ್ಲ. ಗೋಳಿಬಜೆಯನ್ನು ಎತ್ತಲು ಹೋದರೆ ಅದು ಚಟ್ನಿಯೊಳಗೆ ಬಿದ್ದು ಹನೀಫನ ಬಿಳಿ ಅಂಗಿಗೆ ಹಾರುತ್ತಿತ್ತು.

ಅಷ್ಟರಲ್ಲಿ ಹೊನ್ನಾವರದಲ್ಲಿರುವ ಜೆಸಿಂತಾಳ ಅಕ್ಕನ ಮದುವೆಯ ಬೆಳ್ಳಿಹಬ್ಬ ಬಂತು. ಅಕ್ಕ ಹನೀಫನನ್ನೂ ಕರೆದಿದ್ದಳು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಸಮುದ್ರದ ಬದಿಯಲ್ಲೇ, ಬೈಕಿನಲ್ಲಿ ಹೋಗಬೇಕು ಎಂದು ನನಗೆ ಆಸೆ. ಜೆಸಿಂತಾ ಮೂಳೆ ಮುರಿದವರ ವಾರ್ಡಿನ ನರ್ಸು. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿ, "ಈ ಕೈಯಲ್ಲಿ ನೀವು ಹೊನ್ನಾವರಕ್ಕೆ ಹೋಗುವುದು ಬೇಡ. ಸರಿಯಾಗದಿದ್ದರೆ ನಾನು ರೈಲಿನಲ್ಲಿ ಹೋಗ್ತೇನೆ. ನೀವು ಬೈಕಿನ ಜೊತೆ ಮನೆಯಲ್ಲಿರಿ" ಎಂದಳು.

ಹೀಗೆ ನಾನು ಥ್ರಾಟಲ್ ಲಾಕಿನ ಅಧ್ಯಯನಕ್ಕೆ ಇಳಿದೆ. ತಿರುಗಿಸಿದ ಥ್ರಾಟಲನ್ನು ತಿರುಗಿಸಿದಲ್ಲೇ ಹಿಡಿದಿಟ್ಟು ಕೈಗೆ ಬಿಡುವು ಕೊಡುವ ಸಾಧನ ಅದು. ಈ ಲೋಕದಲ್ಲಿ ಇಷ್ಟು ಜನರಿಗೆ ಬಲಗೈ ನೋವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಒಬ್ಬೊಬ್ಬನೂ ತನ್ನ ಲಾಕೇ ಶ್ರೇಷ್ಠವೆಂದು ವೀಡಿಯೊದಲ್ಲಿ ಎರಡೂ ಕೈ ಎತ್ತಿ ತೋರಿಸುತ್ತಿದ್ದ. ನಾನು ಎಲ್ಲರನ್ನೂ ನಂಬಿದೆ.

ಮೊದಲು ತಂದದ್ದು ಪ್ಲಾಸ್ಟಿಕ್ಕಿನ ಚಿಕ್ಕ ರೆಕ್ಕೆಯಂಥದ್ದು. ಹಿಡಿಕೆಗೆ ಸಿಕ್ಕಿಸಿ ಅಂಗೈಯ ಬುಡವನ್ನು ಅದರ ಮೇಲೆ ಊರಿದರೆ ಸಾಕು, ಬೆರಳು ಬಿಗಿಯಬೇಕಾಗಿಲ್ಲ. ಪಡೀಲಿನವರೆಗೆ ಸುಖವಾಗಿ ಹೋದೆ. ಅಲ್ಲಿ ಸಿಟಿ ಬಸ್ಸೊಂದು ನಿಂತಿತ್ತು. ಬ್ರೇಕ್ ಹಾಕಿದಾಗ ಮೈ ಮುಂದಕ್ಕೆ ವಾಲಿತು, ಅಂಗೈ ರೆಕ್ಕೆಯನ್ನು ಒತ್ತಿತು. ಬೈಕು ನಿಲ್ಲುವ ಬದಲು ಒಮ್ಮೆ ನೆಗೆದು, ಬಸ್ಸಿನ ಹಿಂದಿನ ಬಾಗಿಲಿನ ಹತ್ತಿರ ಹೋಗಿ ನಿಂತಿತು. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ನನ್ನ ಹಳೆಯ ವಿದ್ಯಾರ್ಥಿ. "ಎಂತ ಮಾಸ್ಟ್ರೇ, ಬೈಕಿನ ಸಮೇತ ಹತ್ತುವುದಾ? ಬನ್ನಿ, ಒಳಗೆ ಜಾಗ ಉಂಟು" ಎಂದು ಪ್ರೀತಿಯಿಂದಲೇ ಕರೆದ.

ಹನೀಫನಿಗೆ ಇದನ್ನು ಹೇಳಿದಾಗ ಅವನು, "ಇಷ್ಟಕ್ಕೆಲ್ಲ ಪೇಟೆ ಸುತ್ತಬೇಕಾ? ನನ್ನ ಅಂಗಡಿಯಲ್ಲಿ ಇಲ್ಲದ ಸಾಮಾನು ಎಂತ ಉಂಟು?" ಎಂದು ಕುಕ್ಕರಿನ ಗ್ಯಾಸ್ಕೆಟ್ ಒಂದನ್ನು ತೆಗೆದು ಕತ್ತರಿಸಿ, ಆ ರಬ್ಬರಿನ ಪಟ್ಟಿಯನ್ನು ಹಿಡಿಕೆಯ ಸಂದಿಗೆ ತುರುಕಿದ. ಹಿಡಿಕೆ ಬಿಗಿಯಾಗಿ, ತಿರುಗಿಸಿದಲ್ಲಿ ನಿಲ್ಲುತ್ತದೆ ಎಂಬುದು ಅವನ ಸಿದ್ಧಾಂತ. ಸಿದ್ಧಾಂತ ಸರಿಯಾಗಿಯೇ ಇತ್ತು. ತಿರುಗಿಸಿದ ಹಿಡಿಕೆ ಅಲ್ಲೇ ನಿಂತಿತು. ನಂತೂರಿನ ಸರ್ಕಲಿನಲ್ಲಿ ನಾನು ಎಷ್ಟು ತಿರುಚಿದರೂ ಹಿಂದಕ್ಕೆ ಬರಲಿಲ್ಲ. ಕ್ಲಚ್ ಹಿಡಿದು ನಿಂತೆ. ಇಂಜಿನ್ ಒಂದೇ ಸಮನೆ ಕಿರುಚುತ್ತಿತ್ತು. ಸುತ್ತಲಿನ ರಿಕ್ಷಾದವರು ನನ್ನನ್ನು ವಯಸ್ಸಿಗೆ ತಕ್ಕ ಬುದ್ಧಿ ಬಾರದವನಂತೆ ನೋಡಿದರು. ಕೊನೆಗೆ ಕೆಂಪು ಸ್ವಿಚ್ ಒತ್ತಿ ಇಂಜಿನ್ ನಿಲ್ಲಿಸಿದೆ. ಹಿಂದಿನಿಂದ ಬಂದ ಹನೀಫ, "ವಿಸಿಲ್ ಆಗುವ ಮೊದಲೇ ಇಳಿಸಿದೆಯಲ್ಲ ಮಾರಾಯ, ಬೇಯಲಿಕ್ಕಿಲ್ಲ" ಎಂದ.

ಮೂರನೆಯದು ಅಸಲಿ ವಸ್ತು. ಹೊಳೆಯುವ ಲೋಹದ್ದು, ಎರಡು ಗುಂಡಿ. ಮೇಲಿನದನ್ನು ಒತ್ತಿದರೆ ಬೀಗ ಬೀಳುತ್ತದೆ, ಕೆಳಗಿನದನ್ನು ಒತ್ತಿದರೆ ಬಿಡುತ್ತದೆ. ಗುಂಡಿ ನೆನಪಾಗದಿದ್ದರೂ ಚಿಂತೆಯಿಲ್ಲ, ಹಿಡಿಕೆಯನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದರೂ ಸಾಕು. ನಾನು ಅಂಗಳದಲ್ಲಿ ಜೆಸಿಂತಾಳನ್ನೂ ಹನೀಫನನ್ನೂ ನಿಲ್ಲಿಸಿಕೊಂಡು ಇದನ್ನು ಪಾಠ ಮಾಡಿದೆ.

"ಕೈ ಬಿಟ್ಟು ಬೈಕು ಬಿಡುವುದು ಎಂತಕ್ಕೆ?" ಎಂದಳು ಜೆಸಿಂತಾ. "ನನ್ನ ವಾರ್ಡಿನಲ್ಲಿ ಮಲಗಿದವರೆಲ್ಲ ಈಗ ಕೈಗೆ ಬಿಡುವು ಕೊಟ್ಟವರೇ."

"ಕೈ ಬಿಡುವುದಲ್ಲ, ಸ್ವಲ್ಪ ಸಡಿಲ ಮಾಡುವುದು."

"ಜೆಸಿಂತಕ್ಕ, ನಾನು ಹಿಂದೆಯೇ ಬರ್ತೇನಲ್ಲ, ಹೆದರಬೇಡಿ" ಎಂದ ಹನೀಫ. ಹಿಂದೆ ಬರುವವನಿಂದ ಮುಂದಿನ ಅಪಾಯಕ್ಕೆ ಎಂತ ಉಪಕಾರ ಎಂದು ಅವಳು ಕೇಳಲಿಲ್ಲ. ಅಕ್ಕನಿಗೆ ತೆಗೆದಿಟ್ಟ ಸೀರೆಯನ್ನು ಚೀಲಕ್ಕೆ ತುಂಬಿ, ಹೆಲ್ಮೆಟ್ ಹಾಕಿಕೊಂಡು ಹತ್ತಿ ಕುಳಿತಳು.

ಆ ದಿನದ ಸವಾರಿಯ ಮೊದಲ ಭಾಗವನ್ನು ನೆನೆದರೆ ಈಗಲೂ ಮೈ ಹಗುರವಾಗುತ್ತದೆ. ಮರವಂತೆಯಲ್ಲಿ ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ನಡುವೆ ಖಾಲಿ ರಸ್ತೆ. ಗುಂಡಿ ಒತ್ತಿದೆ. ಬೈಕು ತನ್ನ ಪಾಡಿಗೆ ಓಡತೊಡಗಿತು. ನಾನು ಬಲಗೈಯನ್ನು ತೊಡೆಯ ಮೇಲಿಟ್ಟು ಜಮೀನ್ದಾರನಂತೆ ಕುಳಿತೆ. ಬೆರಳಲ್ಲಿ ಒಂದು ಇರುವೆಯೂ ಇರಲಿಲ್ಲ. ಜೆಸಿಂತಾ ಬೆನ್ನಿಗೆ ಎರಡು ಸಲ ತಟ್ಟಿದಳು. ಮೆಚ್ಚಿಕೊಂಡಳು ಎಂದು ತಿಳಿದು ನಾನು ಆ ಬಲಗೈಯಿಂದ ಎದುರು ಬಂದ ಬೈಕಿನವರಿಗೆಲ್ಲ ಟಾಟಾ ಮಾಡಿದೆ.

ಬೈಂದೂರಿನ ಹತ್ತಿರ ಮುಂದೆ ಹೋಗುತ್ತಿದ್ದ ಬಸ್ಸು, ಕೈ ತೋರಿಸಿದ ಅಜ್ಜಿಯೊಬ್ಬಳಿಗಾಗಿ ಇದ್ದಕ್ಕಿದ್ದಂತೆ ನಿಂತಿತು. ನಾನು ಬ್ರೇಕನ್ನೂ ಕ್ಲಚ್ಚನ್ನೂ ಒಟ್ಟಿಗೆ ಹಿಡಿದೆ. ಬೀಗ ಬಿದ್ದಿದ್ದ ಥ್ರಾಟಲ್ ಮಾತ್ರ ಹಾಗೆಯೇ ಇತ್ತು, ಇಂಜಿನ್ ಭೋರ್ಗರೆಯಿತು. ಕೆಳಗಿನ ಗುಂಡಿಯನ್ನು ಹುಡುಕಿದ ಗಾಬರಿಯಲ್ಲಿ ಹೆಬ್ಬೆರಳಿಗೆ ಏನೇನೋ ಸಿಕ್ಕಿತು, ಗುಂಡಿಯೊಂದು ಬಿಟ್ಟು. ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದರೆ ಸಾಕು ಎಂದು ಅಂಗಳದಲ್ಲಿ ನಿಂತು ಪಾಠ ಮಾಡಿದ ಮಾಸ್ತರ ಆ ಹೊತ್ತಿನಲ್ಲಿ ರಜೆಯ ಮೇಲಿದ್ದ. ಹಿಂದಿನ ಚಕ್ರ ಜಾರಿತು. ಜೆಸಿಂತಾಳ ಹೆಲ್ಮೆಟ್ ನನ್ನ ಹೆಲ್ಮೆಟಿಗೆ ಬಡಿಯಿತು. ಬೈಕು ನಿಂತಾಗ ಬಸ್ಸಿಗೂ ನಮಗೂ ನಡುವೆ ಒಂದು ಛತ್ರಿ ಇಡುವಷ್ಟು ಜಾಗವಿತ್ತು.

ಹನೀಫ ಓಡಿಬಂದು ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದ. ಸದ್ದು ಅಡಗಿತು. "ಎಂತ ಆಗ್ಲಿಲ್ಲ ಅಲ್ವಾ? ಜೆಸಿಂತಕ್ಕ, ಎಂತ ಆಗ್ಲಿಲ್ಲ ಅಲ್ವಾ?" ಎಂದು ಎರಡೆರಡು ಸಲ ಕೇಳಿದ. ಅಜ್ಜಿ ನಿಧಾನವಾಗಿ ಬಸ್ಸು ಹತ್ತಿದಳು, ಬಸ್ಸು ಹೋಯಿತು.

ರಸ್ತೆ ಬದಿಯಲ್ಲಿ ಎಳನೀರಿನ ಬೊಂಡ ಮಾರುವವನೊಬ್ಬನಿದ್ದ. ಮೂವರೂ ನಿಂತು ಕುಡಿದೆವು. ದಿನವೂ ಮುರಿದ ಕೈಕಾಲು ನೋಡುವ ಜೆಸಿಂತಾ ಬೈಯಲಿ, ಬೈದರೆ ಹಗುರವಾಗುತ್ತದೆ ಎಂದು ಕಾದೆ. ಅವಳು ಬೊಂಡವನ್ನು ಕೆಳಗಿಟ್ಟು ಕೈ ಚಾಚಿದಳು.

"ಕೀ ಕೊಡಿ."

ಮದುವೆಗೆ ಮೊದಲು ಅವಳು ಅಣ್ಣನ ಬೈಕನ್ನು ತಾನೇ ಬಿಟ್ಟುಕೊಂಡು ಡ್ಯೂಟಿಗೆ ಹೋಗುತ್ತಿದ್ದವಳು. ಲೈಸನ್ಸೂ ಇತ್ತು. ಕೀ ಕೊಟ್ಟೆ. ಅವಳು ಆ ಹೊಳೆಯುವ ಲಾಕಿನ ಕಡೆ ಕಣ್ಣೆತ್ತಿಯೂ ನೋಡದೆ ಬೈಕು ಹೊರಡಿಸಿದಳು. ಹೊನ್ನಾವರದವರೆಗೂ ಅವಳೇ ಬಿಟ್ಟಳು.

ನಾನು ಹಿಂದೆ ಕುಳಿತಿದ್ದೆ. ನನ್ನದೇ ಬೈಕಿನ ಹಿಂದಿನ ಸೀಟಿನಲ್ಲಿ ನಾನು ಅಲ್ಲಿಯವರೆಗೆ ಕುಳಿತವನಲ್ಲ. ಅದು ಸೀಟಲ್ಲ, ಬಟ್ಟೆ ಹೊದಿಸಿದ ಹಲಗೆ. ಹಿಡಿದುಕೊಳ್ಳಲು ಬೆನ್ನ ಹಿಂದೆ ಒಂದು ಕಬ್ಬಿಣದ ಸರಳು. ಸಮುದ್ರ ನೋಡೋಣವೆಂದರೆ ಎದುರಿಗೆ ಹೆಲ್ಮೆಟ್ಟು. ಹಂಪ್ ಬರುವುದು ಮುಂದಿನವರಿಗೆ ಕಣ್ಣಿಗೆ ಕಂಡು ತಿಳಿಯುತ್ತದೆ; ಹಿಂದಿನವರಿಗೆ ಅದು ನೇರವಾಗಿ ಬೆನ್ನುಮೂಳೆಗೆ ತಿಳಿಯುತ್ತದೆ. ಅಕ್ಕನ ಮನೆಯಲ್ಲಿ ಇಳಿದಾಗ ನನಗೆ ನೆಟ್ಟಗೆ ನಿಲ್ಲಲಾಗಲಿಲ್ಲ. ಭಾವ ಬಂದು, "ಪಾಪ, ಅಲ್ಲಿಂದ ಬೈಕು ಬಿಟ್ಟು ಸುಸ್ತಾಗಿದೆ" ಎಂದು ನನ್ನನ್ನೇ ಹಿಡಿದು ಒಳಗೆ ಕರೆದುಕೊಂಡು ಹೋದ. ಹನೀಫ ಏನೋ ಹೇಳಲು ಬಾಯಿ ತೆರೆದ. ನಾನು ಅವನನ್ನು ಬಿರಿಯಾನಿಯ ಕಡೆಗೆ ತಿರುಗಿಸಿದೆ.

ಈಗ ದೂರದ ದಾರಿಯಾದರೆ ಬೈಕು ಬಿಡುವುದು ಜೆಸಿಂತಾ. ಕೈ ಜೋಮು ಹಿಡಿಯುವುದಿಲ್ಲವೇ ಎಂದು ಕೇಳಿದರೆ, "ಅಷ್ಟು ಗಟ್ಟಿ ಹಿಡಿಯುವುದು ಎಂತಕ್ಕೆ? ಬೈಕೇನು ಓಡಿಹೋಗ್ತದಾ?" ಎನ್ನುತ್ತಾಳೆ. ಓಡುವುದೇ ಅದರ ಕೆಲಸವಲ್ಲವೇ ಎಂದು ನಾನು ವಾದಿಸಲು ಹೋಗುವುದಿಲ್ಲ. ಥ್ರಾಟಲ್ ಲಾಕನ್ನು ಬಿಚ್ಚಿ ಹನೀಫನಿಗೆ ಕೊಟ್ಟೆ. ಅವನು ಅದನ್ನು ಅಂಗಡಿಯಲ್ಲಿ ಬಿಲ್ಲುಗಳ ಮೇಲೆ ಭಾರಕ್ಕೆ ಇಟ್ಟಿದ್ದಾನೆ.

ಸದ್ಯಕ್ಕೆ ನಾನು ಹಿಂದಿನ ಸೀಟಿನ ಅಧ್ಯಯನದಲ್ಲಿದ್ದೇನೆ. ಜೆಲ್ ತುಂಬಿದ್ದು, ಗಾಳಿ ತುಂಬುವಂಥದ್ದು, ಬೆನ್ನಿಗೆ ಒರಗು ಇರುವಂಥದ್ದು, ಬಹಳ ಬಗೆ ಇದೆ. ಮೊನ್ನೆ ಊಟದ ಮೇಜಿನಲ್ಲಿ ಇವುಗಳ ಗುಣದೋಷಗಳನ್ನು ವಿವರಿಸುತ್ತಿದ್ದಾಗ ಜೆಸಿಂತಾ ಊಟ ನಿಲ್ಲಿಸಿ ಕೇಳಿದಳು:

"ಇಷ್ಟು ದಿನ ಆ ಸೀಟು ಅಲ್ಲಿರಲಿಲ್ಲವಾ?"

"ಇತ್ತು" ಎಂದೆ. "ಆದರೆ ಆಗ ಅದರಲ್ಲಿ ನಾನು ಕುಳಿತುಕೊಳ್ಳುತ್ತಿರಲಿಲ್ಲವಲ್ಲ."

ಅವಳು ಆ ಭಾನುವಾರ ಮನೆಯಿಂದ ಸುರತ್ಕಲ್ ದಾಟುವವರೆಗೆ ಸಿಕ್ಕಿದ ಒಂದು ಹಂಪಿಗೂ ಬ್ರೇಕ್ ಹಾಕಲಿಲ್ಲ.