ಒಂದೇ ದಿನ ಸೇರಿದ ಮೂವರು ದನದ ಡಾಕ್ಟರು

ನೌಕರಿಯಲ್ಲಿ ಮೇಲೆ ಬರಬೇಕಾದರೆ ಜೊತೆಯವರು ಬೇಕು ಅಂತ ಎಲ್ಲರೂ ಹೇಳುತ್ತಾರೆ. ಆ ಜೊತೆಯವರಿಂದ ಏನೇನು ಆಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಾನು ಹೇಳುತ್ತೇನೆ, ಯಾಕೆಂದರೆ ನನಗೆ ಅದು ಆಗುತ್ತಲೇ ಇರುತ್ತದೆ.

ನಾನು ಗುಡೂರಿನಲ್ಲಿ ಡಾಕ್ಟರು. ಕೂಡಲೇ ಬಿಪಿ, ಶುಗರು ಅಂತ ಕೇಳಬೇಡಿ, ದನದ ಡಾಕ್ಟರು. ನಾನು ಕೆಲಸಕ್ಕೆ ಸೇರಿದ ದಿನವೇ ಇನ್ನಿಬ್ಬರು ಸೇರಿದರು. ಒಬ್ಬನಿಗೆ ಕುಳಗೇರಿ ಕ್ರಾಸ್ ಸಿಕ್ಕಿತು. ಇನ್ನೊಬ್ಬರು ಇಳಕಲ್ಲಿನ ನೇಕಾರರ ಮನೆಯ ಸೊಸೆ, ಅವರಿಗೆ ಇಳಕಲ್ಲೇ ಸಿಕ್ಕಿತು. ಹೆಸರು ಹಾಕಿದರೆ ವಾಟ್ಸಪ್ ಗುಂಪಿನಿಂದ ನನ್ನನ್ನು ತೆಗೆದುಹಾಕುತ್ತಾರೆ. ಹಾಗಾಗಿ ಅವನು ಕುಳಗೇರಿಯವ, ಅವರು ಇಳಕಲ್ ಮೇಡಂ.

ಬಾಗಲಕೋಟೆಯಲ್ಲಿ ನಮಗೆ ತರಬೇತಿ ಇತ್ತು. ಸೂಟು ಹಾಕಿಕೊಂಡು ಬಂದಿದ್ದ ಭಾಷಣಕಾರರು, "ನಿಮ್ಮ ಸಮಾನರ ಜೊತೆ ಸಂಬಂಧ ಬೆಳೆಸಿಕೊಳ್ಳಿ, ಅದೇ ನಿಮ್ಮ ವೃತ್ತಿಯ ಅಡಿಪಾಯ" ಅಂತ ಅರ್ಧ ದಿನ ಹೇಳಿದರು. ಅದೊಂದು ಬಿಟ್ಟರೆ ನಮಗೆ ಬೇರೆ ಮಾತು ಕೇಳಿಸಲಿಲ್ಲ. ಹಿಂದಿನ ಸಾಲಿನಲ್ಲಿ ಮೂವರೂ ಒಂದೇ ಪೊಟ್ಟಣದ ಶೇಂಗಾ ತಿನ್ನುತ್ತ ಸಂಬಂಧ ಬೆಳೆಸಿಕೊಳ್ಳುತ್ತಿದ್ದೆವು.

ಉಳ್ಳಾಗಡ್ಡಿ ಚಿಕಿತ್ಸೆ

ಗುಡೂರಿಗೆ ಬಂದ ಹೊಸತು. ಒಂದು ಎಮ್ಮೆ ಈಯಲಾರದೆ ಒದ್ದಾಡುತ್ತಿತ್ತು. ಕೈ ಹಾಕಿ ನೋಡಿದೆ, ಕರುವಿನ ಕುತ್ತಿಗೆ ಹಿಂದಕ್ಕೆ ಹೊರಳಿತ್ತು. ಪುಸ್ತಕದಲ್ಲಿ ಓದಿದ್ದೆ. ಆದರೆ ಪುಸ್ತಕದ ಎಮ್ಮೆ ಒದೆಯುತ್ತಿರಲಿಲ್ಲ, ಸುತ್ತಲೂ ಅರ್ಧ ಓಣಿ ನಿಂತು ನೋಡುತ್ತಲೂ ಇರಲಿಲ್ಲ.

ಕುಳಗೇರಿಯವ ಇಂಥ ಎರಡು ಮೂರು ಹೆರಿಗೆ ಮಾಡಿಸಿದ್ದ. ಅವನಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ.

"ಹೆದರಬ್ಯಾಡಲೇ," ಅಂದ. "ಮೊದ್ಲ ಕರಾನ ಒಳಗ ನೂಕು. ಜಾಗಾ ಆಗ್ಲಿ."

ನೂಕಿದೆ.

"ಈಗ ಮೂತಿಗೆ ಕೈ ಹಾಕಿ ಸಾವಕಾಶ ತಿರಗಸು. ಹಾಂ... ಉಳ್ಳಾಗಡ್ಡಿ ಸಣ್ಣಗ ಹೆಚ್ಚಿ ಹಾಕ್ರಿ."

ನಾನು ಕರುವಿನ ಮೂತಿಯ ಹುಡುಕಾಟದಲ್ಲಿದ್ದೆ, ಅಷ್ಟಾಗಿ ಲಕ್ಷ್ಯ ಕೊಡಲಿಲ್ಲ.

"ಬಂತೇನು? ಬಂದ್ರ ಮುಂಗಾಲು ಹಿಡಿ. ಎಮ್ಮಿ ಮುಕ್ಕರದಾಗ ಜಗ್ಗು... ಖಾರ ಕಡಿಮಿ ಆತ್ರಿ, ಇನ್ನೊಂದೀಟು ಹಾಕ್ರಿ."

ಎಮ್ಮೆ ಮುಕ್ಕರಿಸಿತು, ನಾನು ಜಗ್ಗಿದೆ, ಕರು ಬಂತು. ಉಸಿರಾಡಿತು. ನನಗೆ ಅಳು ಬಂದಂತಾಯಿತು. ತಿರುಗಿ ನೋಡಿದರೆ, ಎಮ್ಮೆಯ ಯಜಮಾನನ ಹೆಂಡತಿ ತಾಟಿನಲ್ಲಿ ಹೆಚ್ಚಿದ ಉಳ್ಳಾಗಡ್ಡಿ, ಬಟ್ಟಲ ತುಂಬ ಖಾರದ ಪುಡಿ ಹಿಡಿದು ಏದುಸಿರು ಬಿಡುತ್ತ ನಿಂತಿದ್ದಳು. "ತಂದೇನ್ರಿ ಡಾಕ್ಟ್ರ. ಎಲ್ಲಿ ಹಾಕೂದ್ರಿ?"

ಪುಣ್ಯಾತ್ಮ ಕುಳಗೇರಿ ಕ್ರಾಸಿನ ಹೋಟೆಲಿನಲ್ಲಿ ಕೂತು ಚುರುಮುರಿಯ ಗಿರಮಿಟ್ ಮಾಡಿಸುತ್ತಿದ್ದ.

ಕರು ಬದುಕಿದ್ದರಿಂದ ಊರಲ್ಲಿ ನನಗೆ ಒಳ್ಳೆಯ ಹೆಸರು ಬಂತು. ಮರುದಿನ ದವಾಖಾನೆಯ ಬಾಗಿಲು ತೆಗೆಯುವುದರೊಳಗೆ ಒಬ್ಬ ರೈತ ಬಂದು ಕೈ ಮುಗಿದ. "ನಮ್ಮ ಆಕಳಾ ಇವತ್ತೋ ನಾಳೆನೋ ಈಯೂದೈತ್ರಿ. ಉಳ್ಳಾಗಡ್ಡಿ ಹೆಚ್ಚಿ ಇಟ್ಟೇನಿ. ಖಾರ ಬ್ಯಾಡಗಿದು ನಡೀತೈತೇನ್ರಿ?"

ದೊಡ್ಡ ಡಾಕ್ಟರು

ಹೊಸಬರನ್ನು ಯಾರೂ ನಂಬುವುದಿಲ್ಲವಲ್ಲ, ಅದಕ್ಕೆ ನಾವು ಮೂವರು ಒಂದು ಉಪಾಯ ಮಾಡಿದ್ದೆವು. ನಮ್ಮನ್ನು ನಾವೇ ಹೊಗಳಿಕೊಂಡರೆ ಚೆನ್ನಾಗಿರುವುದಿಲ್ಲ, ಒಬ್ಬರನ್ನೊಬ್ಬರು ಹೊಗಳಬೇಕು. ರೈತರ ಮುಂದೆ ನಾನು ಅವನನ್ನು "ದೊಡ್ಡ ಡಾಕ್ಟರು" ಅನ್ನಬೇಕು, ಅವನು ಮೇಡಂಗೆ ಅನ್ನಬೇಕು, ಮೇಡಂ ನನಗೆ ಅನ್ನಬೇಕು. ಯೋಜನೆ ಬಹಳ ಚೆನ್ನಾಗಿ ನಡೆಯಿತು.

ಹುನಗುಂದದ ಕಡೆಯಿಂದ ಕುರಿ ಸಾಕುವ ಹಿರಿಯರೊಬ್ಬರು ಟಗರು ತಂದರು. ಹಣೆಗೆ ಅರಿಶಿನದ ಭಂಡಾರ, ಹೆಗಲಿಗೆ ಕಂಬಳಿ, ಕಿವಿಗೆ ಸಿಕ್ಕಿಸಿಕೊಂಡ ಬ್ಲೂಟೂತ್. ಬೀರಪ್ಪ ದೇವರಿಗೆ ಬೇಡಿಕೊಂಡು ಸಾಕಿದ ಟಗರಂತೆ. ಅದರ ಕೊಂಬಿನ ಬುಡದಲ್ಲಿ ನಿಂಬೆಹಣ್ಣಿನಷ್ಟು ಗಂಟು. ಕೊಯ್ಯಲಿಕ್ಕೆ ನನಗೆ ಧೈರ್ಯ ಬರಲಿಲ್ಲ, ಯಾಕೆಂದರೆ ಟಗರು ನನ್ನನ್ನೇ ನೋಡುತ್ತಿತ್ತು.

"ಇದಕ್ಕ ಕುಳಗೇರಿ ಕ್ರಾಸಿನಾಗ ಭಾಳ ದೊಡ್ಡ ಡಾಕ್ಟರ್ ಅದಾರ್ರಿ ಅಜ್ಜಾರ. ಒಮ್ಮಿ ತೋರಿಸ್ರಿ."

ಹಿರಿಯರು ಟಂಟಂ ಗಾಡಿಯಲ್ಲಿ ಟಗರು ಏರಿಸಿಕೊಂಡು ಕುಳಗೇರಿಗೆ ಹೋದರು. ಕುಳಗೇರಿಯವ ಗಂಟು ಮುಟ್ಟಿದ, ಟಗರು ತಲೆ ಬಗ್ಗಿಸಿತು, ಇವನು ಹಿಂದೆ ಸರಿದ. "ಇಳಕಲ್ಲಾಗ ನಮ್ಮಕಿಂತ ದೊಡ್ಡ ಡಾಕ್ಟರ್ ಬಾಯಾರು ಅದಾರ್ರಿ." ಹಿರಿಯರು ಇಳಕಲ್ಲಿಗೆ ಹೋದರು. ಮೇಡಂ ಮೀಟಿಂಗಿಗೆ ಹೊರಟು ಗಾಡಿ ಹತ್ತಿದ್ದರು. "ಅಯ್ಯ, ಗುಡೂರಾಗಽ ಅಂಥಾ ದೊಡ್ಡ ಡಾಕ್ಟರ್ ಇದ್ದಾಗ ಇಲ್ಲಿತನಕ ಯಾಕ ಬಂದ್ರಿ?"

ಮೂರನೆಯ ದಿನ ಅವರು ಮತ್ತೆ ನನ್ನ ಮುಂದೆ ನಿಂತಿದ್ದರು. ಟಗರಿನ ಮುಖದಲ್ಲೂ ಪ್ರವಾಸದ ದಣಿವಿತ್ತು. ಹಿರಿಯರಿಗೆ ಸಿಟ್ಟಿರಲಿಲ್ಲ. ಕಂಬಳಿ ಹಾಸಿ ಕೂತು, ಸಮಾಧಾನದಿಂದಲೇ ಹೇಳಿದರು:

"ನೀವು ಮೂರೂ ಮಂದಿ ಭಾಳ ದೊಡ್ಡ ಡಾಕ್ಟರ್ ಅದೀರಿ ಅಂತ ತಿಳೀತ್ರಿ. ನನ್ನ ಟಗರಿಗೆ ಒಬ್ಬ ಸಣ್ಣ ಡಾಕ್ಟರ್ ಬೇಕಾಗಿತ್ತು."

ಅವತ್ತು ನಾನು ಸಣ್ಣ ಡಾಕ್ಟರಾಗಿ ಗಂಟು ಕೊಯ್ದೆ. ಟಗರು ಆರಾಮಾಯಿತು. ಹಿರಿಯರು ಈಗ ಯಾರೇ ಕೇಳಿದರೂ, "ಗುಡೂರಿಗೆ ಹೋಗ್ರಿ, ಸಣ್ಣ ಡಾಕ್ಟರ ಚಲೋ ನೋಡ್ತಾನ" ಅಂತ ನನ್ನನ್ನು ಹೊಗಳುತ್ತಾರೆ.

ಮಾವನವರು ಹೊಂಟಾರ

ಜಿಲ್ಲೆಯ ಸಾಹೇಬರು ಹೇಳದೆ ಕೇಳದೆ ತಪಾಸಣೆಗೆ ಬರುವವರು. ಅವರ ಜೀಪು ಯಾರ ಕಣ್ಣಿಗೆ ಮೊದಲು ಬಿತ್ತೋ ಅವರು ಉಳಿದಿಬ್ಬರಿಗೆ ಸಂದೇಶ ಕಳಿಸಬೇಕು. ಹೆಸರು ಬರೆದರೆ ಅಪಾಯ ಅಂತ "ಮಾವನವರು ಹೊಂಟಾರ" ಅಂತ ಬರೆಯುತ್ತಿದ್ದೆವು. ಈ ಒಂದು ವಾಕ್ಯದ ಮೇಲೆ ನಮ್ಮ ಮೂವರ ಕರ್ತವ್ಯನಿಷ್ಠೆ ನಿಂತಿತ್ತು.

ಹಳೆಯ ಸಾಹೇಬರ ವರ್ಗವಾಗಿ ಹೊಸಬರು ಬಂದರು. ಅವರ ಮುಖ ನಾವು ಇನ್ನೂ ನೋಡಿರಲಿಲ್ಲ. ಅಷ್ಟರಲ್ಲಿ ಇಳಕಲ್ ಮೇಡಂ ಸಂದೇಶ ಬಂತು: "ಮಾವನವರು ನಿಮ್ಮ ಕಡೆ ಹೊಂಟಾರ. ಚಲೋ ನೋಡ್ಕೋರಿ."

ನೆಲ ಒರೆಸಿಸಿದೆ. ಲಸಿಕೆಯ ಫ್ರಿಜ್ಜಿನೊಳಗಿದ್ದ ನನ್ನ ಮೊಸರಿನ ಡಬ್ಬಿ ತೆಗೆದೆ. ಇಸ್ತ್ರಿ ಮಾಡಿದ ಬಿಳಿ ಕೋಟು ತೊಟ್ಟೆ. ಸ್ವಲ್ಪ ಹೊತ್ತಿನಲ್ಲಿ ಧೋತರ ಉಟ್ಟ, ಗಾಂಭೀರ್ಯದ ಹಿರಿಯರೊಬ್ಬರು ಬಸ್ಸಿನಿಂದ ಇಳಿದು ಬಂದರು. ಜೀಪು ಇಲ್ಲ! ಹೊಸ ಸಾಹೇಬರು ಬಹಳ ಜಾಣರು, ವೇಷ ಮರೆಸಿಕೊಂಡು ಬಂದಿದ್ದಾರೆ ಅಂದುಕೊಂಡೆ.

ಔಷಧದ ಕಪಾಟು ತೋರಿಸಿದೆ. ಫ್ರಿಜ್ಜು ತೋರಿಸಿದೆ. ದನ ಕಟ್ಟುವ ಕಟಕಟೆಯೊಳಗೆ ನಾನೇ ನಿಂತು ತೋರಿಸಿದೆ. ಅವರು ಪ್ರತಿಯೊಂದಕ್ಕೂ ತಲೆಯಾಡಿಸಿ, "ಸ್ವಚ್ಛ ಇಟ್ಟೀರಿ, ಶಾಣ್ಯಾ ಅದೀರಿ" ಅಂದರು. ಚಹಾ ಕುಡಿದ ಮೇಲೆ ಕೈಚೀಲಕ್ಕೆ ಕೈ ಹಾಕಿದರು. ಆಯಿತು, ಇನ್ನು ನೋಟಿಸು ಬರುತ್ತದೆ ಅಂತ ನಾನು ಎದ್ದು ನಿಂತೆ.

"ಎಲ್ಲಾ ಖರೆ ಡಾಕ್ಟ್ರ," ಅಂದರು. "ಮನ್ಯಾಗ ಹೆಣ್ಮಕ್ಕಳಿಗೆ ಯಾವ ಬಣ್ಣ ಸೇರ್ತೈತಿ? ನಮ್ಮ ಸ್ವಂತ ಮಗ್ಗದ್ದು ಐತಿ, ಸೆರಗು ನೋಡ್ರಿ."

ಅವರು ಮೇಡಮ್ಮರ ಖರೆ ಮಾವನವರು. ಎರಡು ಸೀರೆ ತೆಗೆದುಕೊಂಡೆ.

ಮರುದಿನ ನಿಜವಾದ ಸಾಹೇಬರು ಬಂದರು. ನೆಲ ಇನ್ನೂ ಹೊಳೆಯುತ್ತಿತ್ತು. ಎಲ್ಲ ಕಡೆ ತಿರುಗಾಡಿ, ಕುರ್ಚಿಯಲ್ಲಿ ಕೂತು, ನನ್ನನ್ನೇ ನೋಡುತ್ತ ಮೆಲ್ಲಗೆ ಕೇಳಿದರು: "ನಾವು ಸಣ್ಣ ನೌಕರಿಯೊಳಗ ಇದ್ದಾಗ 'ಬೀಗರು ಹೊಂಟಾರ' ಅಂತಿದ್ವಿ. ನೀವೆಲ್ಲಾ ಈಗ ಏನಂತೀರಿ?"

ಬದಾಮಿಯ ಜಾಗ

ಆಮೇಲೆ ಬದಾಮಿಯಲ್ಲಿ ಒಂದು ಜಾಗ ಖಾಲಿಯಾಯಿತು. ನನ್ನ ಹೆಂಡತಿ ಅಲ್ಲಿಯ ಸಾಲಿಯಲ್ಲಿ ಟೀಚರು. ನಾನು ಬಸ್ಸು ಬದಲಿಸಿ ಮನೆ ಮುಟ್ಟುವಷ್ಟರಲ್ಲಿ ಮಗಳು ಉಂಡು ಮಲಗಿರುತ್ತಿದ್ದಳು. ಭಾನುವಾರ ನನ್ನನ್ನು ನೋಡಿದರೆ ಬೀಗರ ಮನೆಯವರಿಗೆ ಮಾಡುವ ಹಾಗೆ ನಮಸ್ಕಾರ ಮಾಡುತ್ತಿದ್ದಳು. ಆ ಜಾಗ ನನಗೆ ಬೇಕೇ ಬೇಕಾಗಿತ್ತು. ಕುಳಗೇರಿಯವನ ತಾಯಿಗೆ ಮೊಣಕಾಲು ಹಿಡಿದುಕೊಂಡು ಬದಾಮಿಯ ಮನೆಯಲ್ಲಿ ಒಬ್ಬರೇ ಓಡಾಡುವುದು ಕಷ್ಟವಾಗಿತ್ತು. ಅವನಿಗೂ ಬೇಕಾಗಿತ್ತು.

"ನೀ ಕೇಳ್ತಿದ್ರ ನಾ ಕೇಳಾಂಗಿಲ್ಲಲೇ," ಅಂದೆ.

"ಛೆ, ನೀನಽ ಕೇಳು. ನಾ ಅಡ್ಡ ಬರಾಂಗಿಲ್ಲ," ಅಂದ.

ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಫೋನ್ ಇಟ್ಟ ಕೂಡಲೇ ನಾನು ಇಳಕಲ್ ಮೇಡಂಗೆ ಹಚ್ಚಿದೆ. "ಮೇಡಮ್ಮಾರ, ಸಾಹೇಬ್ರು ನಿಮ್ಮ ಮಾತು ಕೇಳ್ತಾರ. ನನ್ನ ಬಗ್ಗೆ ಒಂದು ಮಾತು ಹಾಕ್ರಿ. ಅವಗ ಮಾತ್ರ ಹೇಳಬ್ಯಾಡ್ರಿ."

"ಆತ್ರಿ, ಹಾಕ್ತೇನಿ," ಅಂದರು. ಅದಕ್ಕೆ ಸ್ವಲ್ಪ ಮೊದಲು ಅವರ ಫೋನ್ ಬಿಜಿ ಇತ್ತು. ಯಾಕೆ ಅಂತ ನಾನು ಯೋಚಿಸಲಿಲ್ಲ.

ಎರಡು ದಿನ ತಡೆದು, ಮನಸ್ಸು ತಡೆಯದೆ ಬಾಗಲಕೋಟೆಯ ಆಫೀಸಿಗೆ ನಾನೇ ಹೋದೆ. ಸಾಹೇಬರ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಗೇರಿಯವ ಕೂತಿದ್ದ.

"ಇಲ್ಲ್ಯಾಕ ಬಂದಿಲೇ?"

ಅವನು ದವಡೆ ಹಿಡಿದುಕೊಂಡ. "ಹಲ್ಲ ತೋರಸಾಕ ಬಂದಿದ್ದೆ."

"ಇಲ್ಲಿ ದನದ ಹಲ್ಲಷ್ಟಽ ನೋಡ್ತಾರಲೇ."

"ನೀ ಯಾಕ ಬಂದಿ?"

"ಲಸಿಕಿ ಒಯ್ಯಾಕ."

"ಐಸಿನ ಡಬ್ಬಿ ಎಲ್ಲೈತಿ?"

ನಾನು ಅದೇ ಬೆಂಚಿನ ಮೇಲೆ ಕೂತೆ. ಆಗ ಕೋಣೆಯ ಬಾಗಿಲು ತೆಗೆದು ಇಳಕಲ್ ಮೇಡಂ ಹೊರಗೆ ಬಂದರು. ನಮ್ಮಿಬ್ಬರನ್ನೂ ಕಂಡು ಖುಷಿಯಾದರು.

"ಚಲೋ ಆತು, ಇಬ್ಬರೂ ಇಲ್ಲೇ ಸಿಕ್ರಿ. ನಿಮ್ಮಿಬ್ಬರ ಮಾತೂ ಸಾಹೇಬ್ರಿಗೆ ಮುಟ್ಟಿಸೇನಿ. ಒಂದಽ ಒಂದು ಅಕ್ಷರ ಬಿಟ್ಟಿಲ್ಲ."

ಇಬ್ಬರದೂ ಅಂದಕೂಡಲೇ ನಾನು ಅವನನ್ನು ನೋಡಿದೆ, ಅವನು ನನ್ನನ್ನು ನೋಡಿದ.

"ಮತ್ತ ಸಾಹೇಬ್ರು ಏನಂದ್ರು?" ಇಬ್ಬರೂ ಒಟ್ಟಿಗೇ ಕೇಳಿದೆವು.

"'ಇಬ್ಬರೂ ನಿಮ್ಮ ಮ್ಯಾಲ ಇಷ್ಟು ಭರೋಸ ಇಟ್ಟಾರಂದ್ರ ನೀವಽ ಲಾಯಕ್' ಅಂದ್ರು. ಬದಾಮಿ ನನಗಽ ಕೊಟ್ರು."

ಅತ್ತೆ ಮನೆಯ ಊರಲ್ಲೇ ನೌಕರಿ ಮಾಡುವ ಆಕೆಗೂ ಬದಾಮಿ ಬೇಕೇನೋ ಅಂತ ನಮ್ಮಿಬ್ಬರಲ್ಲಿ ಒಬ್ಬರಾದರೂ ಕೇಳಿದ್ದರೆ ತಾನೆ? ನಾವು ಬಾಯಿ ತೆರೆದು ಕೂತಿದ್ದನ್ನು ನೋಡಿ ಮೇಡಂಗೆ ಕನಿಕರ ಬಂದಿರಬೇಕು. ಪಕ್ಕದಲ್ಲಿ ಕೂತು, ಅಕ್ಕನ ಹಾಗೆ ಸಮಾಧಾನ ಹೇಳಿದರು:

"ನಾ ಭಾಳ ವಿಚಾರ ಮಾಡೇ ಒಪ್ಪೀನಿ ನೋಡ್ರಿ. ನೀವಿಬ್ಬರೂ ಜೀವದ ಗೆಳ್ಯಾರು. ಒಬ್ಬರಿಗೆ ಸಿಕ್ಕಿದ್ರ ಇನ್ನೊಬ್ಬರು ಒಬ್ಬರಽ ಕೂತು ಬ್ಯಾಸರ ಮಾಡ್ಕೋಬೇಕಾಗ್ತಿತ್ತು. ಈಗ ಇಬ್ಬರೂ ಕೂಡೇ ಮಾಡ್ಕೋಬಹುದು."