ಕುರುಡು ಬೂಷ್ಟಿನ ಕಾವಲು

ಈ ಕತೆಯನ್ನು ನನ್ನಷ್ಟು ಖಡಕ್ಕಾಗಿ ಹೇಳುವವರು ಇಡೀ ಜರ್ಮನಿಯಲ್ಲೇ ಇಲ್ಲ, ಬರೆದಿಟ್ಟುಕೊಳ್ಳಿ. ಮಿಕ್ಕವರಿಗೆ ಅರ್ಧ ಗೊತ್ತು. ಇನ್ನರ್ಧ ನನ್ನ ಜೇಬಿನಲ್ಲಿದೆ.

ಶುರುವಾದದ್ದು ಒಂದು ಪೆನ್ನಿನಿಂದ. ನಮ್ಮ ಪ್ರಯೋಗಾಲಯದ ವೆಂಡೆಲಿನ್, ಡಾಕ್ಟರೇಟಿಗೆ ಸೇರಿ ಆರನೇ ವರ್ಷ, ಮಂಗಳವಾರ ಎರಡು ತಟ್ಟೆಗಳಲ್ಲಿ ಬೂಷ್ಟು ಬಿತ್ತಿದ. ತನ್ನ ಪೆನ್ನು ಸಿಗದೆ ಪಕ್ಕದವನದನ್ನು ಇಸಿದುಕೊಂಡು, ಒಂದರ ಚೀಟಿಯ ಮೇಲೆ ‘ಸಾದಾ’, ಇನ್ನೊಂದರ ಮೇಲೆ ‘ಕುರುಡ’ ಎಂದು ಬರೆದು ಕತ್ತಲೆಕೋಣೆಯಲ್ಲಿಟ್ಟ.

ಬೂಷ್ಟಿಗೆ ಕಣ್ಣಿಲ್ಲ. ಆದರೂ ನೋಡುತ್ತದೆ. ಅದರೊಳಗಿನ ಒಂದು ಪ್ರೋಟೀನು ಪುಟ್ಟ ಹಳದಿ ಅಣುವೊಂದನ್ನು ಮಡಿಲಲ್ಲಿ ಕೂರಿಸಿಕೊಂಡಿರುತ್ತದೆ. ನೀಲಿ ಬೆಳಕು ತಾಗಿದ್ದೇ ತಡ, ಆ ಅಣು ಪ್ರೋಟೀನನ್ನು ಗಬಕ್ಕನೆ ಹಿಡಿಯುತ್ತದೆ, ಪ್ರೋಟೀನು ಮೈ ಹೊರಳಿಸುತ್ತದೆ, ಮಲಗಿದ್ದ ಜೀನುಗಳು ಏಳುತ್ತವೆ, ಬೆಳ್ಳಗಿದ್ದ ಬೂಷ್ಟು ಸಂಜೆಯೊಳಗೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ವೆಂಡೆಲಿನ್ ಒಂದು ಬೂಷ್ಟಿನಲ್ಲಿ ಆ ಪ್ರೋಟೀನನ್ನೇ ಇಲ್ಲವಾಗಿಸಿದ್ದ. ಆ ಕುರುಡ, ಎಷ್ಟು ಬೆಳಕು ಸುರಿದರೂ ಬೆಳ್ಳಗಿರಬೇಕು. ಸಾದಾ, ಕತ್ತಲೆಯಲ್ಲಿ ಬೆಳ್ಳಗಿರಬೇಕು. ಗುರುವಾರ ನಾಲ್ಕು ಗಂಟೆಗೆ ಇದನ್ನು ತೋರಿಸಿದರೆ ಪ್ರಬಂಧ ಬರೆಯಲು ಅಪ್ಪಣೆ. ಇಲ್ಲದಿದ್ದರೆ ಏಳನೇ ವರ್ಷ.

ಗುರುವಾರ ಬೆಳಿಗ್ಗೆ, ಬೂಷ್ಟಿಗೆ ಕಾಣದ ಕೆಂಪು ದೀಪದಡಿ, ಒಂದು ತಟ್ಟೆಯನ್ನು ನೀಲಿ ದೀಪದ ಪೆಟ್ಟಿಗೆಯೊಳಗಿಟ್ಟು ಮುಚ್ಚಿದ. ಇನ್ನೊಂದನ್ನು ಕತ್ತಲೆಯಲ್ಲೇ ಬಿಟ್ಟು, ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕಾವಿಗೆ ಕೂತ ಕೋಳಿಯ ಹಾಗೆ ಕೂತ.

ಹತ್ತಕ್ಕೆ ಸಹಾಯಕಿ ಹೆಡ್ವಿಗ್ ಬಂದಳು. ಅವತ್ತು ಅವಳ ಹುಟ್ಟುಹಬ್ಬ. ನಮ್ಮಲ್ಲಿ ಹುಟ್ಟಿದವರೇ ಕೇಕು ತರಬೇಕು, ಮಿಕ್ಕವರು ತಿನ್ನಲೇಬೇಕು.

“ಬಾರೋ, ಪ್ಲಮ್ ಕೇಕು ಮಾಡಿದೀನಿ.”

“ಕಾವಲಿದ್ದೀನಿ ಹೆಡ್ವಿಗ್.”

“ಬೂಷ್ಟೇನು ಎದ್ದು ಓಡಿಹೋಗುತ್ತಾ? ನಂಗೆ ಐವತ್ತಾಗೋದು ಒಂದೇ ಸಲ ಕಣೋ!”

ಹೋದ. ಎರಡು ತುಂಡು ತಿಂದು ಬರುವಷ್ಟರಲ್ಲಿ ಬಾಗಿಲು ಹಾರುಹೊಡೆದಿತ್ತು. ಒಳಗೆ ಕಟ್ಟಡದ ಉಸ್ತುವಾರಿಯ ಓಸ್ಟರ್ಲೋ ಏಣಿ ಹತ್ತಿ ನಿಂತಿದ್ದರು. ಅವರ ತಲೆಯ ಮೇಲೆ ಹೊಸ ಬಿಳಿ ದೀಪ ಝಗಝಗ.

“ಹೆರ್ ಓಸ್ಟರ್ಲೋ! ಏನ್ಮಾಡ್ತಿದೀರಿ?”

“ಯಾವನೋ ಇಲ್ಲಿ ಕೆಂಪು ಬಲ್ಬು ಹಾಕಿದಾನೆ ಕಣಪ್ಪ. ಕೆಲಸದ ಜಾಗದಲ್ಲಿ ಇಷ್ಟು ಬೆಳಕಿರ್ಬೇಕು ಅಂತ ನಿಯಮ ಇದೆ. ಥ್ಯಾಂಕ್ಸ್ ಎಲ್ಲಾ ಬೇಡ.”

ವೆಂಡೆಲಿನ್ ಸ್ವಿಚ್ಚು ಬಡಿದ. ಕತ್ತಲೆಯೊಳಗಿಂದ, ಏಣಿಯಷ್ಟು ಎತ್ತರದಿಂದ, ಬೈಗುಳ ಬಂತು.

ನಾಲ್ಕಕ್ಕೆ ಪ್ರೊಫೆಸರ್ ಥೀಲ್ಕೆ ಬಂದರು. ಹಿಂದೆ ನಾವೆಲ್ಲ, ಕೇಕಿನ ತಟ್ಟೆ ಸಮೇತ. ನೇಣಿಗೆ ಹೊರಟವನಂತೆ ವೆಂಡೆಲಿನ್ ಕತ್ತಲೆಯ ತಟ್ಟೆಗೆ ಬಟ್ಟೆ ಹೊದಿಸಿ ತಂದು, ಬಟ್ಟೆ ಸರಿಸಿದ.

ಹಾಲಿನಂತೆ ಬೆಳ್ಳಗಿತ್ತು!

“ನೋಡಿದ್ರಾ?” ವೆಂಡೆಲಿನ್ ಎದೆ ತಟ್ಟಿಕೊಂಡ. “ನಾನು ಕಾವಲಿಗೆ ಕೂತ್ರೆ ಸೂರ್ಯನೂ ಪರ್ಮಿಷನ್ ಕೇಳ್ಬೇಕು!”

ಅದೇ ಜೋರಿನಲ್ಲಿ ನೀಲಿ ದೀಪದ ಪೆಟ್ಟಿಗೆ ತೆರೆದ. ಒಳಗಿನ ಬೂಷ್ಟು ರಸ್ತೆ ರಿಪೇರಿಯವರ ಜಾಕೆಟ್ಟಿನ ಹಾಗೆ ಕಿತ್ತಳೆ.

ಪ್ರೊಫೆಸರ್ ಕನ್ನಡಕ ಏರಿಸಿ ಚೀಟಿ ಓದಿದರು. “ಇದು ಸಾದಾ. ದಿನವಿಡೀ ನೀವು ಬೆಳಕಿನಿಂದ ಕಾಪಾಡಿದ್ದು ಕುರುಡನನ್ನ.”

“ಆದ್ರೆ... ಕುರುಡನಿಗೂ ಬೆಳಕು ಬಿದ್ದಿದೆ ಪ್ರೊಫೆಸರ್! ಓಸ್ಟರ್ಲೋ...”

“ಎಷ್ಟು ಹೊತ್ತು? ಎಂಥ ಬೆಳಕು? ಅಳತೆ ಮಾಡಿದೀರಾ?”

ವೆಂಡೆಲಿನ್ ಬಟ್ಟೆಯನ್ನು ಮತ್ತೆ ತಟ್ಟೆಯ ಮೇಲೆ ಎಳೆದ.

“ಆರು ವರ್ಷದ ಮಿಕ್ಕ ತಟ್ಟೆಗಳನ್ನೂ ಹೀಗೇ ಅಂದಾಜಿನಲ್ಲಿ ಇಟ್ರೋ ಏನೋ. ಎಲ್ಲಾ ಇನ್ನೊಂದ್ಸಲ ಮಾಡಿ.”

ಏಳನೇ ವರ್ಷ.

ಈಗ ನನ್ನ ಜೇಬಿನ ಅರ್ಧ. ಅವನು ಪೆನ್ನಿಗೆ ಕೈ ಚಾಚಿದ್ದು ನನ್ನ ಮುಂದೆ. ನನ್ನ ಹತ್ತಿರ ಕಪ್ಪೂ ಇತ್ತು, ಕೆಂಪೂ ಇತ್ತು. ಬಿಳಿ ಚೀಟಿಯ ಕೆಂಪಕ್ಷರ ಕೆಂಪು ದೀಪದಡಿ ಮಾಯವಾಗುತ್ತದೆ ಎಂದು ಗೊತ್ತಿದ್ದೇ ಕೆಂಪನ್ನು ಕೊಟ್ಟೆ. ತಡಕಾಡಿ, ಬೈಯುತ್ತ ಹೊರಗೆ ಬರುತ್ತಾನೆ, ಎಲ್ಲರೂ ನಗೋಣ ಎಂದುಕೊಂಡಿದ್ದೆ. ಅವನು ಚೀಟಿ ಕಾಣುತ್ತಿಲ್ಲ ಎನ್ನಲು ನಾಚಿ, ಕೈಗೆ ಸಿಕ್ಕಿದ್ದನ್ನು ನೀಲಿ ಪೆಟ್ಟಿಗೆಯೊಳಗೆ ಎತ್ತಿಟ್ಟಿದ್ದ.

ಸಂಜೆ ಕತ್ತಲೆಕೋಣೆಗೆ ಮತ್ತೆ ಕೆಂಪು ಬಲ್ಬು ಸಿಕ್ಕಿಸಲು ಅವನ ಜೊತೆ ಹೋದೆ. ಪೆನ್ನು ವಾಪಸ್ಸು ಕೊಡುತ್ತ ಅಂದ: “ಯಾರಾದ್ರೂ ಕೆಂಪು ಶಾಯೀಲಿ ಬರೀತಾರಾ? ನಾನೊಬ್ಬ ದಡ್ಡ. ಈ ಲ್ಯಾಬಲ್ಲಿ ಕೇಳಿದ ತಕ್ಷಣ ಪೆನ್ನು ಕೊಡೋನು ನೀನೊಬ್ಬನೇ ಕಣೋ.”

ನನ್ನ ಮುಖ ಕೆಂಪಾಯಿತು. ಪುಣ್ಯಕ್ಕೆ ಬಲ್ಬು ಹತ್ತಿತ್ತು, ಅವನಿಗೆ ಕಾಣಲಿಲ್ಲ.