ಸ್ಕೂಟರ್ ಪರವಾಗಿ ನಾನು ಬರೆದ ಲೇಖನ

"ಭಾನುವಾರದ ಪೇಪರ್ ಬರಲಿ, ನಿನ್ನ ಬಾಯಿಂದಲೇ ಭೇಷ್ ಅನ್ನಿಸ್ತೀನಿ" ಅಂತ ನಾನು ಹೆಂಡತಿಯ ಮುಂದೆ ತೊಡೆ ತಟ್ಟಿದೆ.

ಜಗಳ ನನ್ನ ಹಳೇ ಸ್ಕೂಟರಿನದು. ಮದುವೆಗೆ ಮುಂಚಿನಿಂದ ನನ್ನ ಜೊತೆಗಿರೋ ಜೀವ ಅದು. ಗುಜರಿಗೆ ಹಾಕಬೇಕು ಅನ್ನೋದು ಅವಳ ಹಟ. 'ಹಳೆಯ ವಾಹನಗಳನ್ನು ಉಳಿಸಿ' ಅಂತ ಪತ್ರಿಕೆಗೆ ಲೇಖನ ಜಡಿದು, ಇಡೀ ಊರನ್ನೇ ನನ್ನ ಕಡೆ ಮಾಡಿಕೊಳ್ಳೋದು ನನ್ನ ಮಹಾವ್ಯೂಹ.

ವಾದ ಅಂದಮೇಲೆ ಮೊದಲು ಎದುರಾಳಿಯ ಮಾತನ್ನು ಮರ್ಯಾದೆಯಿಂದ ಹೇಳಿ, ಆಮೇಲೆ ಪುಡಿಪುಡಿ ಮಾಡಬೇಕು. ದೊಡ್ಡವರೆಲ್ಲ ಹಾಗೇ ಬರೆಯೋದು. ನನ್ನ ಎದುರಾಳಿ ಅಡುಗೆಮನೆಯಲ್ಲೇ ಇದ್ದಳು. ಪೆನ್ನು ಹಿಡಿದು ಬಾಗಿಲಲ್ಲಿ ನಿಂತೆ.

"ಸ್ಕೂಟರ್ ಮೇಲೆ ನಿನಗೇನು ಕೋಪ? ಒಂದೊಂದಾಗಿ ಹೇಳು."

"ಒಂದೊಂದಾಗಿನಾ? ಹಾಗಾದ್ರೆ ಕೂತ್ಕೊಳ್ಳಿ."

ಹೇಳಿದಳು ನೋಡಿ! ಕಿಕ್ ಹೊಡೆದೂ ಹೊಡೆದೂ ನನ್ನ ಮಂಡಿ ಸವೆದಿದ್ದು, ಹೊಗೆಗೆ ಒಣಹಾಕಿದ ಬಟ್ಟೆ ಕಪ್ಪಾಗಿದ್ದು, ಸದ್ದಿಗೆ ಪಕ್ಕದ ಮನೆ ಮಗು ಬೆಚ್ಚಿಬಿದ್ದು ಅತ್ತಿದ್ದು, ಅವಳ ತಂಗಿ ಮದುವೆಗೆ ನಾವು ಗಾಡಿ ತಳ್ಳಿಕೊಂಡು ಊಟದ ಹೊತ್ತಿಗೆ ಮುಟ್ಟಿದ್ದು. ಒಂದಕ್ಷರ ಬಿಡದೆ ಬರಕೊಂಡೆ. ಆಮೇಲೆ 'ಆದರೆ' ಅಂತ ಶುರು ಮಾಡಿ, ಎರಡನೇ ಅರ್ಧದಲ್ಲಿ ಎಲ್ಲವನ್ನೂ ಧೂಳೀಪಟ ಮಾಡಿದೆ. ಒಂದು ವಾರ ಮೇಜಿನ ಮೇಲಿಟ್ಟು ತಿದ್ದಿ, ಕಳಿಸಿದೆ.

ಭಾನುವಾರ ಪೇಪರ್ ಬಂತು. ನನ್ನ ಫೋಟೋ, ನನ್ನ ಹೆಸರು, ಕೆಳಗೆ ಪೂರ್ತಿ ಅವಳ ಮಾತು. 'ಆದರೆ'ಯಿಂದ ಮುಂದಕ್ಕೆ ಒಂದು ಸಾಲೂ ಇಲ್ಲ. ತಲೆಬರಹ ದಪ್ಪಕ್ಷರದಲ್ಲಿ: 'ನನ್ನ ಸ್ಕೂಟರ್ ಗುಜರಿಗೇ ಲಾಯಕ್ಕು.'

ಹೆಂಡತಿ ಎರಡೆರಡು ಸಲ ಓದಿದಳು.

"ಭೇಷ್. ನನ್ನ ಮಾತು ನೀವು ಕಿವಿಗೇ ಹಾಕ್ಕೊಳ್ಳಲ್ಲ ಅಂದ್ಕೊಂಡಿದ್ದೆ ಕಣ್ರೀ."

ಅವಳ ಕಣ್ಣಲ್ಲಿ ನೀರು. ಅದನ್ನು ನೋಡಿದ ಮೇಲೆ 'ಇದು ಅರ್ಧ ಲೇಖನ ಕಣೇ' ಅನ್ನೋಕೆ ನನಗೆ ಬಾಯೇ ಬರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯವರು ಮಗು ಎತ್ತಿಕೊಂಡು ಬಂದು ಕೈ ಕುಲುಕಿದರು. "ಬರೆದಂತೆ ನಡೆಯೋರು ಸಾರ್ ನೀವು" ಅಂತ ಗುಜರಿಯವನಿಗೆ ಅವರೇ ಫೋನ್ ಮಾಡಿದರು. ಮಧ್ಯಾಹ್ನದೊಳಗೆ ನನ್ನ ಜೀವ ತಳ್ಳುಗಾಡಿ ಹತ್ತಿ ಹೊರಟಿತು. ಮಗು ಟಾಟಾ ಮಾಡಿತು.

ಮಹಡಿಗೆ ಹೋಗಿ ಸಂಪಾದಕರಿಗೆ ಫೋನ್ ಹಚ್ಚಿದೆ.

"ಜಾಗ ಇಲ್ಲ ಅಂತ ನನ್ನ ಲೇಖನದ ಕುತ್ತಿಗೆ ಕುಯ್ದುಬಿಟ್ರಲ್ಲ ಸ್ವಾಮಿ?"

"ಜಾಗ ಬೇಕಾದಷ್ಟಿತ್ತು ಸಾರ್. ಮೊದಲರ್ಧ ಓದಿ ಒಪ್ಪಿಬಿಟ್ಟೆ. ಎರಡನೆಯದು ನಿಮ್ಮ ಸ್ಕೂಟರ್ ಥರಾನೇ. ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗಲಿಲ್ಲ."

ಸಪ್ಪೆ ಮುಖ ಹಾಕಿಕೊಂಡು ಕೆಳಗಿಳಿದೆ.

"ಯಾರ ಹತ್ರ ಮಾತು?" ಅಂದಳು ಹೆಂಡತಿ.

"ಸಂಪಾದಕರು. ಲೇಖನ ತುಂಬಾ ಚೆನ್ನಾಗಿತ್ತಂತೆ."

"ಮೊದಲರ್ಧ ತಾನೇ?" ಅಂದಳು. "ಒಂದು ವಾರ ಮೇಜಿನ ಮೇಲೇ ಇಟ್ಟಿದ್ರಲ್ಲ, ಎರಡನೆಯದನ್ನೂ ಓದಿದ್ದೆ."

ಅವಳ ಕಣ್ಣಲ್ಲಿ ಮತ್ತೆ ನೀರು. ಬೆಳಗ್ಗೆಯಿಂದ ಅವಳು ತಡಕೊಂಡಿದ್ದು ಅಳುವನ್ನಲ್ಲ ಅಂತ ನನಗೆ ಗೊತ್ತಾಗಿದ್ದು ಆಗಲೇ.